ಹಳೇ ಸ್ಪ್ಲೆಂಡರ್ ಕೊಂಡು ಸಾಕುವುದು ಹೇಗೆ: ಆರ್‌ಸಿಯಿಂದ ಚೈನಿನವರೆಗೆ

ಬೆಳಿಗ್ಗೆ ಆರಕ್ಕೆ ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೋಗುವ ಗಾಡಿ. ಎಂಟಕ್ಕೆ ಮಗಳನ್ನು ಶಾಲೆಗೆ ಬಿಡುವ ಗಾಡಿ. ಸಂಜೆ ಎರಡು ಮೂಟೆ ಗೊಬ್ಬರ ಹೊತ್ತು ತೋಟಕ್ಕೆ ಹೋಗುವುದೂ ಅದೇ. ನಮ್ಮ ಕಡೆ ಹೀಗೆ ದುಡಿಯುವ ನೂರು ಸಿಸಿ ಗಾಡಿಗಳನ್ನು ಎಣಿಸಲು ಕೂತರೆ ಸ್ಪ್ಲೆಂಡರೇ ಜಾಸ್ತಿ ಸಿಗುತ್ತದೆ. ಈ ಗಾಡಿಯ ತೊಂದರೆ ಏನೆಂದರೆ ಇದು ದೂರು ಹೇಳುವುದಿಲ್ಲ. ಆಯಿಲ್ ಕಪ್ಪಗಾಗಿ ನೀರಿನಂತೆ ತೆಳುವಾದರೂ ಓಡುತ್ತದೆ. ಚೈನು ಜೋತುಬಿದ್ದು ಕವರಿಗೆ ಬಡಿಯುತ್ತಿದ್ದರೂ ಓಡುತ್ತದೆ. ಓಡುತ್ತಿದೆಯಲ್ಲ ಅಂತ ಮಾಲೀಕ ಸುಮ್ನಿರುತ್ತಾನೆ. ಒಂದು ದಿನ ಎಂಜಿನ್ ಬಿಚ್ಚಿಸಬೇಕಾಗುತ್ತದೆ. ಅಷ್ಟರಲ್ಲಿ ಅವನು ಗಾಡಿಯನ್ನು ಇನ್ನೊಬ್ಬರಿಗೆ ಮಾರಿರುತ್ತಾನೆ. ಆ ಇನ್ನೊಬ್ಬರು ನೀವಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮುಂಚೆ ಏನು ನೋಡಬೇಕು, ಕೊಂಡ ಮೊದಲ ವಾರ ಏನು ಮಾಡಬೇಕು, ಆಮೇಲೆ ಮನೆಯಲ್ಲೇ ಹೇಗೆ ನೋಡಿಕೊಳ್ಳಬೇಕು, ಇಷ್ಟೇ ವಿಷಯ. ಸ್ಪ್ಲೆಂಡರ್ ಅಂತ ಬರೆದಿದ್ದರೂ ಪ್ಯಾಶನ್, ಎಚ್‌ಎಫ್ ಡಿಲಕ್ಸ್‌ಗಳಿಗೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಪ್ಲಾಟಿನಾ, ಸ್ಟಾರ್ ಸಿಟಿ ಇದ್ದವರಿಗೆ ಸ್ಪ್ಯಾನರ್ ನಂಬರ್ ಬದಲಾಗಬಹುದು, ಕ್ರಮ ಬದಲಾಗುವುದಿಲ್ಲ.

ಮೊದಲು: ಯಾವ ವರ್ಷದ ಗಾಡಿ?

ಹೀರೋ ಹೋಂಡಾ ಕಂಪನಿ 1985ರಲ್ಲಿ ಸಿಡಿ 100 ತಂದಿತು. ಸ್ಪ್ಲೆಂಡರ್ ಬಂದದ್ದು 1994ರಲ್ಲಿ. ಎರಡಕ್ಕೂ ಎಂಜಿನ್ ಒಂದೇ, 97.2 ಸಿಸಿ. ನೆಲಕ್ಕೆ ಸಮನಾಗಿ ಮುಂದಕ್ಕೆ ಮಲಗಿರುವ ಒಂದೇ ಸಿಲಿಂಡರ್. ಹೋಂಡಾದ ಹಳೆಯ ಕಬ್ ಗಾಡಿಗಳ ಮನೆತನ ಇದು. ಗಡಿಯಾಚೆ ಪಾಕಿಸ್ತಾನದಲ್ಲಿ ಮನೆಮಾತಾದ ಸಿಡಿ 70 ಕೂಡ ಇದೇ ಮನೆತನದ್ದು, ದಾಯಾದಿ ಅನ್ನಿ.

ಇವತ್ತು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವುದನ್ನು ಮೂರು ಗುಂಪು ಮಾಡಬಹುದು. ಟ್ಯಾಂಕಿನ ಮೇಲೆ ‘ಹೀರೋ ಹೋಂಡಾ’ ಅಂತ ಎರಡೂ ಹೆಸರಿರುವುದು ಮೊದಲ ಗುಂಪು. 2011ರಲ್ಲಿ ಕಂಪನಿ ಹೀರೋ ಮೋಟೊಕಾರ್ಪ್ ಆಯಿತು. ಅಲ್ಲಿಂದ 2020ರ ಮಾರ್ಚ್‌ವರೆಗಿನ ಕಾರ್ಬೊರೇಟರ್ (ಪೆಟ್ರೋಲು, ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಇರುವ ಗಾಡಿಗಳು ಎರಡನೆಯದು. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದು, ಕಾರ್ಬೊರೇಟರ್ ಹೋಗಿ, ಸೆನ್ಸರ್ ನೋಡಿ ಪೆಟ್ರೋಲ್ ಚಿಮ್ಮಿಸುವ ಫ್ಯುಯಲ್ ಇಂಜೆಕ್ಷನ್ ಬಂತು. ಅದು ಮೂರನೆಯದು. ನೋಡಿದ ತಕ್ಷಣ ವಯಸ್ಸು ಹೇಳುವ ಒಂದು ಗುರುತು ಇದೆ. ಹ್ಯಾಂಡಲ್ ಮೇಲೆ ಹೆಡ್‌ಲೈಟ್ ಆನ್-ಆಫ್ ಸ್ವಿಚ್ ಇಲ್ಲದಿದ್ದರೆ, ಎಂಜಿನ್ ಶುರುವಾದ ಕೂಡಲೇ ಲೈಟ್ ತಾನೇ ಉರಿದರೆ, ಅದು ಸಾಮಾನ್ಯವಾಗಿ 2017ರ ಏಪ್ರಿಲ್ ಆದಮೇಲಿನದು.

ನನ್ನನ್ನು ಕೇಳಿದರೆ ಎರಡನೇ ಗುಂಪು ಒಳ್ಳೆಯದು. ಯಾವ ಊರಿನ ಮೆಕ್ಯಾನಿಕ್ ಕೂಡ ಕಣ್ಣುಮುಚ್ಚಿ ಬಿಚ್ಚಿ ಜೋಡಿಸುತ್ತಾನೆ, ಸ್ಪೇರ್ ಪಾರ್ಟ್ ಹೋಬಳಿ ಮಟ್ಟದ ಆಟೋಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿ ಸೋತಿದ್ದರೂ ಕಿಕ್ ಹೊಡೆದು ಹೊರಡಬಹುದು. ಮೂರನೇ ಗುಂಪಿನ ಗಾಡಿ ಚಳಿಯಲ್ಲಿ ಚೋಕ್ ಇಲ್ಲದೆ ಶುರುವಾಗುತ್ತದೆ, ನಯವಾಗಿ ಓಡುತ್ತದೆ. ಆದರೆ ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇರುವ ಗ್ಯಾರೇಜನ್ನೇ ಹುಡುಕಬೇಕು. ಪೇಟೆಯಲ್ಲಿದ್ದರೆ ಅದೂ ಚಿಂತೆಯಿಲ್ಲ. ಮೊದಲ ಗುಂಪನ್ನು ಪ್ರೀತಿಗೆ ಕೊಳ್ಳಬೇಕೇ ಹೊರತು ಅಗ್ಗಕ್ಕೆ ಅಲ್ಲ.

ಎರಡನೆಯದು: ಗಾಡಿಗಿಂತ ಮುಂಚೆ ಕಾಗದ

ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಗಾಡಿ ಓಡಿಸಿ ನೋಡುತ್ತಾರೆ, ಮನಸ್ಸಾಗುತ್ತದೆ, ಆಮೇಲೆ ಕಾಗದದಲ್ಲಿ ಏನಿದ್ದರೂ ‘ಪರವಾಗಿಲ್ಲ ಬಿಡಿ’ ಅನ್ನುತ್ತಾರೆ. ಕಾಗದ ಸರಿಯಿಲ್ಲದ ಗಾಡಿಯನ್ನು ಓಡಿಸಿ ನೋಡಲೇ ಬೇಡಿ.

ಆರ್‌ಸಿ ಕೈಗೆ ತೆಗೆದುಕೊಳ್ಳಿ. ಮಾರುತ್ತಿರುವವರ ಹೆಸರೇ ಅದರಲ್ಲಿದೆಯಾ? ‘ನಮ್ಮ ಭಾವನ ಗಾಡಿ, ಅವರು ದುಬೈಯಲ್ಲಿದ್ದಾರೆ’ ಅಂದರೆ, ಭಾವ ಬರುವವರೆಗೆ ಕಾಯುತ್ತೇನೆ ಅನ್ನಿ. ಆಮೇಲೆ ಗಾಡಿ ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ. ನೋಂದಣಿ ಎಲ್ಲಿಯವರೆಗೆ ಇದೆ, ವಿಮೆ ಚಾಲ್ತಿಯಲ್ಲಿದೆಯಾ, ಸಾಲ ತೀರಿದೆಯಾ ಅನ್ನುವುದು ಗೊತ್ತಾಗುತ್ತದೆ. ಸಾಲ ಕೊಟ್ಟ ಬ್ಯಾಂಕು ಅಥವಾ ಫೈನಾನ್ಸ್ ಹೆಸರು ಆರ್‌ಸಿಯಲ್ಲಿ ಇನ್ನೂ ಇದ್ದರೆ, ಅವರಿಂದ ಎನ್‌ಒಸಿ (ಆಕ್ಷೇಪವಿಲ್ಲ ಅನ್ನುವ ಪತ್ರ) ಮತ್ತು ಸಹಿ ಮಾಡಿದ ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಬರಬೇಕು. ‘ಸಾಲ ಎಂದೋ ತೀರಿದೆ ಸಾರ್’ ಅನ್ನುವ ಮಾತಿಗೆ ಆರ್‌ಟಿಒದಲ್ಲಿ ಬೆಲೆಯಿಲ್ಲ.

ಈಗ ಗಾಡಿಯ ಹತ್ತಿರ ಹೋಗಿ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗುತ್ತದಾ ನೋಡಿ. ಚಾಸಿ ನಂಬರ್ ಹ್ಯಾಂಡಲ್ ಕೆಳಗಿನ ದಪ್ಪ ಪೈಪಿನ ಮೇಲೆ ಕೊರೆದಿರುತ್ತದೆ. ಎಣ್ಣೆ, ಧೂಳು ಕೂತು ಕಾಣದಿದ್ದರೆ ಬಟ್ಟೆಯಲ್ಲಿ ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಂಕಿ ಮೂಡುತ್ತದೆ. ಅಂಕಿಗಳ ಸುತ್ತ ಗ್ರೈಂಡರ್ ಉಜ್ಜಿದ ಗುರುತು ಇದ್ದರೆ, ಒಂದಂಕಿ ಸೊಟ್ಟಗಿದ್ದರೆ, ಚಹಾ ಕುಡಿಯದೆ ಎದ್ದು ಬನ್ನಿ.

ಗಾಡಿಯ ಮೇಲೆ ಬಾಕಿ ಇರುವ ಟ್ರಾಫಿಕ್ ದಂಡವನ್ನೂ ನೋಡಿ. ಬೆಂಗಳೂರಿನಲ್ಲಿ ಓಡಿದ ಗಾಡಿಯಾದರೆ ಇದು ಮುಖ್ಯ. ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ಹಾರಿದ್ದು ಎಲ್ಲವೂ ಕ್ಯಾಮೆರಾದಲ್ಲಿ ಸೇರಿ, ಗಾಡಿಯ ಬೆಲೆಯ ಕಾಲು ಭಾಗದಷ್ಟು ದಂಡ ಕೂತಿರುವುದೂ ಉಂಟು. 2023ರ ಫೆಬ್ರುವರಿಯಲ್ಲಿ ಸರ್ಕಾರ ದಂಡದಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಕಟ್ಟಲು ಜನ ಸಾಲುಗಟ್ಟಿ ನಿಂತದ್ದು ನೆನಪಿದೆಯಲ್ವಾ? ದಂಡ ತೀರಿಸಿ ಕೊಡಿ ಅನ್ನಿ, ಇಲ್ಲಾ ಬೆಲೆಯಲ್ಲಿ ಮುರಿದುಕೊಳ್ಳಿ.

ಹದಿನೈದು ವರ್ಷ ತುಂಬಿದ ಗಾಡಿಗೆ ನೋಂದಣಿ ನವೀಕರಣ ಆಗಬೇಕು. ಫಾರಂ 25 ಹಾಕಿ, ಗಾಡಿಯನ್ನು ಆರ್‌ಟಿಒಗೆ ತೋರಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಐದು ವರ್ಷಕ್ಕೆ ಸಿಗುತ್ತದೆ. ಅದನ್ನು ಮಾಡಿಸದೆ ಮಾರುತ್ತಿದ್ದರೆ ಆ ಓಡಾಟ, ಖರ್ಚು ನಿಮ್ಮದಾಗುತ್ತದೆ. ಬೇರೆ ರಾಜ್ಯದ ನಂಬರ್ ಇದ್ದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಹೊಸೂರಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಈ ಲೆಕ್ಕ ಹಾಕಿ.

ಮೂರನೆಯದು: ತಣ್ಣಗಿರುವಾಗ ನೋಡಿ

ಹಿಂದಿನ ದಿನವೇ ಫೋನ್ ಮಾಡಿ ಹೇಳಿ: ‘ಅಣ್ಣ, ಬೆಳಿಗ್ಗೆ ಏಳಕ್ಕೆ ಬರ್ತೀನಿ, ನಾನು ಬರೋವರೆಗೆ ಸ್ಟಾರ್ಟ್ ಮಾಡ್ಬೇಡಿ.’ ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅವರು ಏನೋ ಮುಚ್ಚಿಡುತ್ತಿದ್ದಾರೆ. ಬಿಸಿಯಾದ ಎಂಜಿನ್ ಎಲ್ಲರ ಮುಂದೆ ಒಳ್ಳೆಯ ಮಗುವಿನಂತೆ ಇರುತ್ತದೆ. ಅದರ ನಿಜ ಬುದ್ಧಿ ತಣ್ಣಗಿದ್ದಾಗಲೇ ಗೊತ್ತಾಗುವುದು.

ಕೀ ಆಫ್ ಮಾಡಿ ಕಿಕ್ಕರನ್ನು ಕೈಯಲ್ಲಿ ನಿಧಾನವಾಗಿ ಒತ್ತಿ. ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯಬೇಕು. ತಡೆಯೇ ಇಲ್ಲದೆ ಜಾರಿ ಕೆಳಗೆ ಹೋದರೆ ಕಂಪ್ರೆಶನ್ ಹೋಗಿದೆ. ಆಮೇಲೆ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಹಿಂದೆ ನಿಲ್ಲಿ. ಮೊದಲ ಒಂದು ನಿಮಿಷ ತೆಳು ಬಿಳಿ ಹಬೆ ಬಂದರೆ ಅದು ನೀರಾವಿ, ಹೋಗುತ್ತದೆ. ನೀಲಿ ಹೊಗೆ ಬಂದು, ಆಕ್ಸಿಲರೇಟರ್ ತಿರುಗಿಸಿದಂತೆಲ್ಲ ಜಾಸ್ತಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು, ಪಿಸ್ಟನ್, ಬೋರು ಅಥವಾ ವಾಲ್ವ್ ಸೀಲ್ ಕೆಲಸ ಇದೆ ಅಂತ ಅರ್ಥ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಒಪ್ಪದಿದ್ದರೆ ಬಿಟ್ಟುಬಿಡಿ.

ಈಗ ಕಿವಿಯ ಕೆಲಸ. ಸಿಲಿಂಡರಿನ ಮುಂದಿನ ತುದಿಯ ಹೆಡ್ಡಿನಿಂದ ಹೊಲಿಗೆ ಮೆಷಿನ್ನಿನ ಹಾಗೆ ಟಿಕ್ ಟಿಕ್ ಬಂದರೆ ಅದು ಟ್ಯಾಪೆಟ್, ವಾಲ್ವಿನ ಸಂದು ಹೊಂದಿಸುವ ಅರ್ಧ ಗಂಟೆಯ ಕೆಲಸ. ಎಡಗಡೆಯಿಂದ ಸರಪಳಿ ಅಲುಗಿದಂತೆ ಕರಕರ ಅಂದರೆ ಟೈಮಿಂಗ್ ಚೈನ್ ಸಡಿಲ, ಸ್ವಲ್ಪ ಖರ್ಚು. ಹೊಟ್ಟೆಯೊಳಗಿಂದ ಭಾರವಾದ ‘ಟೊಕ್ ಟೊಕ್’, ಅದೂ ಲೋಡ್ ಬಿದ್ದಾಗ ಜಾಸ್ತಿ ಕೇಳಿಸಿದರೆ ಕನೆಕ್ಟಿಂಗ್ ರಾಡ್. ಎಂಜಿನ್ ಪೂರ್ತಿ ಬಿಚ್ಚಬೇಕು. ಆ ಗಾಡಿ ಬೇಡ. ಮೂರು ಸದ್ದಿನ ವ್ಯತ್ಯಾಸ ಗೊತ್ತಾಗದಿದ್ದರೆ ನಿಮ್ಮ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಹೋಗಿ. ಅವನಿಗೆ ಕೊಡುವ ದುಡ್ಡು ದಂಡವಲ್ಲ.

ಕಿಲೋಮೀಟರ್ ಮೀಟರನ್ನು ನಂಬಬೇಡಿ. ತಿರುಗಿಸಿರಬಹುದು, ಕೇಬಲ್ ಕಿತ್ತು ವರ್ಷವಾಗಿರಬಹುದು. ಹಿಂದಿನ ಬ್ರೇಕ್ ಪೆಡಲ್, ಕಿಕ್ಕರ್ ರಬ್ಬರ್, ಫುಟ್‌ರೆಸ್ಟ್ ಸವೆತ ನೋಡಿ. ಮೀಟರ್ 22,000 ಅನ್ನುತ್ತದೆ, ಕಿಕ್ಕರ್ ರಬ್ಬರ್ ನೆಕ್ಕಿದ ಪೆಪ್ಪರ್‌ಮಿಂಟಿನ ಹಾಗೆ ನುಣ್ಣಗಾಗಿದೆ ಅಂದರೆ ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ನಿಮಗೇ ಗೊತ್ತು.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಕೂರುವ ಜಾಗವನ್ನು ಒಬ್ಬರು ಅದುಮಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಹ್ಯಾಂಡಲನ್ನು ಒಂದೇ ಬೆರಳಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ. ನಡುವೆ ಎಲ್ಲೋ ಸಿಕ್ಕಿಕೊಂಡ ಹಾಗೆ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಫೋರ್ಕನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಲಟಲಟ ಅಂದರೂ ಅದೇ ಕಾಯಿಲೆ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಿಸಿದಾಗ ಆಟ ಇದ್ದರೆ ಬೇರಿಂಗು ಅಥವಾ ಸ್ವಿಂಗ್ ಆರ್ಮ್ ಬುಷ್. ಇವೆಲ್ಲ ರಿಪೇರಿ ಆಗುವಂಥವು, ಬೆಲೆ ಇಳಿಸಲು ಒಳ್ಳೆಯ ಕಾರಣಗಳು. ಓಡಿಸುವಾಗ ನೇರ ರಸ್ತೆಯಲ್ಲಿ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತಿದ್ದರೆ ಮಾತ್ರ ಹುಷಾರು. ಗಾಡಿ ಎಲ್ಲೋ ಜೋರಾಗಿ ಬಿದ್ದಿದೆ. ಬಾಗಿದ ಚಾಸಿಯನ್ನು ಬೆಲೆ ಇಳಿಸಿಕೊಟ್ಟರೂ ತೆಗೆದುಕೊಳ್ಳಬೇಡಿ.

ನಾಲ್ಕನೆಯದು: ಹೆಸರು ಬದಲಾವಣೆ

ಬೆಲೆ ಕುದುರಿತು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಫಾರಂ 29 ಅಂದರೆ ಗಾಡಿ ಮಾರಿದ್ದೇನೆ ಅಂತ ಮಾರಿದವರು ತಿಳಿಸುವುದು. ಫಾರಂ 30 ಹೆಸರು ಬದಲಾವಣೆಯ ಅರ್ಜಿ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್. ಆನ್‌ಲೈನಿನಲ್ಲಿ ಪರಿವಾಹನ್ ಸೈಟಿನಲ್ಲಿ ಅರ್ಜಿ, ಶುಲ್ಕ ಎರಡೂ ಆಗುತ್ತದೆ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಎಮಿಷನ್ ಸರ್ಟಿಫಿಕೇಟ್ ಮುಗಿದಿದ್ದರೆ ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ಐದು ನಿಮಿಷ. ಇಷ್ಟೇ, ಇದರಲ್ಲಿ ಹೆದರುವಂಥದ್ದು ಏನಿಲ್ಲ.

ಐದನೆಯದು: ಮೊದಲ ವಾರ, ಎಲ್ಲವೂ ಸೊನ್ನೆಯಿಂದ

ಹಿಂದಿನ ಮಾಲೀಕರು ‘ಮೊನ್ನೆ ತಾನೇ ಆಯಿಲ್ ಚೇಂಜ್ ಮಾಡಿಸಿದ್ದೆ’ ಅಂತ ಹೇಳಿಯೇ ಹೇಳುತ್ತಾರೆ. ನಕ್ಕು ತಲೆಯಾಡಿಸಿ. ಮನೆಗೆ ತಂದು ಮತ್ತೆ ಮಾಡಿ. ಆಯಿಲ್, ಪ್ಲಗ್, ಏರ್ ಫಿಲ್ಟರ್, ಎರಡೂ ಬ್ರೇಕ್ ಶೂ, ಕೇಬಲ್‌ಗಳು, ಟೈರು, ಟ್ಯೂಬು ಒಮ್ಮೆ ನೋಡಿಬಿಟ್ಟರೆ ಅಲ್ಲಿಂದ ಮುಂದೆ ಗಾಡಿಯ ಇತಿಹಾಸ ನಿಮ್ಮದು. ಮಾಡಿದ ದಿನ, ಕಿಲೋಮೀಟರ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಸೈಡ್ ಕವರಿನ ಒಳಗೆ ಅಂಟಿಸಿ.

ಇದೇ ವಾರ ಗ್ಯಾರೇಜಿನಲ್ಲಿ ಒಂದು ಕೆಲಸವನ್ನು ಕೇಳಿ ಮಾಡಿಸಿ. ಹೆಚ್ಚಿನ ಗಾಡಿಗಳಲ್ಲಿ ಇರುವಂತೆ ತೆಗೆದು ಬಿಸಾಡುವ ಕಾಗದದ ಆಯಿಲ್ ಫಿಲ್ಟರ್ ಈ ಎಂಜಿನ್ನಿನಲ್ಲಿ ಇಲ್ಲ. ಬಲಗಡೆಯ ಕ್ಲಚ್ ಕವರಿನ ಒಳಗೆ ಗಿರಗಿರ ತಿರುಗುವ ಒಂದು ಬಟ್ಟಲು, ಕೆಳಗೆ ಒಂದು ಜಾಲರಿ, ಇವೇ ಫಿಲ್ಟರ್. ಮೊಸರು ಕಡೆಯುವಾಗ ಬೆಣ್ಣೆ ಬೇರೆಯಾಗುತ್ತದಲ್ಲ, ಹಾಗೆ ಆ ಬಟ್ಟಲು ತಿರುಗುವ ರಭಸಕ್ಕೆ ಆಯಿಲಿನ ಕೊಳೆ ಬೇರೆಯಾಗಿ ಅಂಚಿಗೆ ಅಂಟಿಕೊಳ್ಳುತ್ತದೆ. ಕೆಳಗಿನ ನಟ್ ಬಿಚ್ಚಿ ಎಷ್ಟು ಸಲ ಆಯಿಲ್ ಬದಲಿಸಿದರೂ ಆ ಕೊಳೆ ಅಲ್ಲೇ ಇರುತ್ತದೆ. ನನ್ನ ಗಾಡಿಯಲ್ಲಿ ಮೊದಲ ಸಲ ತೆರೆದಾಗ ಕಾಡಿಗೆಯಂಥ ಗಟ್ಟಿ ಮೇಣ ಬೆರಳುದ್ದ ಬಂತು. ಕವರ್ ತೆಗೆದರೆ ಅದರ ಗ್ಯಾಸ್ಕೆಟ್ ಹೊಸದು ಬೇಕು, ಅದಕ್ಕೇ ಮೆಕ್ಯಾನಿಕ್‌ಗಳು ಕೇಳದೆ ಮಾಡುವುದಿಲ್ಲ. ನಾಲ್ಕೈದು ಆಯಿಲ್ ಚೇಂಜಿಗೆ ಒಮ್ಮೆ ಮಾಡಿಸಿದರೂ ಸಾಕು.

ಆರನೆಯದು: ಮನೆಯಲ್ಲೇ ಆಯಿಲ್ ಚೇಂಜ್

ಬೇಕಾದದ್ದು: 17ರ ರಿಂಗ್ ಸ್ಪ್ಯಾನರ್, ಹಳೆಯ ಬಾಂಡಲಿ ಅಥವಾ ಕತ್ತರಿಸಿದ ಕ್ಯಾನು, ಲಾಳಿಕೆ, ಹಳೇ ಬನಿಯನ್ ಬಟ್ಟೆ, ಆಯಿಲ್.

ಯಾವ ಆಯಿಲ್? ಮಾಮೂಲಿಯಾಗಿ 10ಡಬ್ಲ್ಯೂ-30, ಆದರೂ ನಿಮ್ಮ ಗಾಡಿಯ ಪುಸ್ತಕ ಒಮ್ಮೆ ನೋಡಿ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಲೇಬೇಕು, ಬೈಕಿನ ಕ್ಲಚ್ಚಿಗೆ ಹೊಂದುತ್ತದೆ ಅನ್ನುವ ಗುರುತು ಅದು. ಮನೆಯಲ್ಲಿ ಕಾರಿನ ಆಯಿಲ್ ಮಿಕ್ಕಿದೆ ಅಂತ ಸುರಿಯಬೇಡಿ. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲಿಗೆ ಜಾರಿಕೆ ಹೆಚ್ಚಿಸುವ ಮದ್ದು ಹಾಕಿರುತ್ತಾರೆ. ಅದು ಎಂಜಿನ್ನಿಗೆ ಒಳ್ಳೆಯದೇ, ಕ್ಲಚ್ ಪ್ಲೇಟಿಗೆ ವಿಷ. ಪ್ಲೇಟು ಜಾರಲು ಶುರುವಾಗುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಗಾಡಿಯನ್ನು ಮೂರ್ನಾಲ್ಕು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಾದರೆ ಆಯಿಲ್ ತೆಳುವಾಗಿ ಪೂರ್ತಿ ಇಳಿಯುತ್ತದೆ. ತೀರಾ ಬಿಸಿ ಬೇಡ, ಕೈ ಸುಡುತ್ತದೆ. ಸಮತಟ್ಟು ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಮೇಲಿನ ಡಿಪ್‌ಸ್ಟಿಕ್ ಮುಚ್ಚಳ ತೆಗೆಯಿರಿ. ಎಂಜಿನ್ ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿ, ಬಾಂಡಲಿ ಹಿಡಿಯಿರಿ. ಹತ್ತು ನಿಮಿಷ ಬಿಡಿ. ಕೊನೆಯಲ್ಲಿ ಕೀ ಆಫ್ ಇಟ್ಟು ಎರಡು ಸಲ ಮೆಲ್ಲಗೆ ಕಿಕ್ ಒತ್ತಿದರೆ ಉಳಿದದ್ದೂ ಬರುತ್ತದೆ.

ಬಂದ ಆಯಿಲನ್ನು ಬಿಸಿಲಲ್ಲಿ ನೋಡಿ. ಕಪ್ಪಾಗಿದ್ದರೆ ಸಹಜ. ಬೆಳ್ಳಿಯ ಮಿಣುಕು ಜಾಸ್ತಿ ಕಂಡರೆ ಒಳಗೆ ಲೋಹ ಸವೆಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ.

ಬೋಲ್ಟಿನ ವಾಷರ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್. ಇಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಸೋರಬಾರದು ಅಂತ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದೆ. ಎಂಜಿನ್ ಕೇಸು ಅಲ್ಯೂಮಿನಿಯಂ, ಬೋಲ್ಟು ಕಬ್ಬಿಣ. ಥ್ರೆಡ್ ಪುಡಿಪುಡಿಯಾಗಿ ಬೋಲ್ಟಿನ ಜೊತೆಗೇ ಬಂತು. ಗಾಡಿಯನ್ನು ತಳ್ಳಿಕೊಂಡು ಹೋದಾಗ ಮೆಕ್ಯಾನಿಕ್ ಬಗ್ಗಿ ನೋಡಿ, ‘ಏನ್ ಸಾರ್, ಲಾರಿ ಚಕ್ರ ಬಿಗಿದಂಗೆ ಬಿಗಿದಿದ್ದೀರಲ್ಲ’ ಅಂದ. ಲೇತ್ ಅಂಗಡಿಗೆ ಹೋಗಿ ಹೊಸ ಥ್ರೆಡ್ ಕೂರಿಸಿಕೊಂಡು ಬರಲು ಎರಡು ದಿನ ಹಿಡಿಯಿತು. ಬರೀ ಮಣಿಕಟ್ಟಿನ ಬಲ ಸಾಕು.

ಹೊಸ ಆಯಿಲ್ ಸುರಿಯುವಾಗ ಒಂದು ಲೀಟರ್ ಡಬ್ಬಿ ಪೂರ್ತಿ ಖಾಲಿ ಮಾಡಬೇಡಿ. ಈ ಎಂಜಿನ್ನಿಗೆ ಅದಕ್ಕಿಂತ ಕಡಿಮೆ ಸಾಕು. ಮುಕ್ಕಾಲು ಲೀಟರ್ ಸುರಿದು, ಎರಡು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಇನ್ನೆರಡು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ನೋಡುವಾಗ ಮುಚ್ಚಳವನ್ನು ತಿರುಗಿಸಿ ಬಿಗಿಯಬಾರದು, ಸುಮ್ನೆ ಒಳಗೆ ಇಟ್ಟು ತೆಗೆಯಬೇಕು. ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಲಿ. ಜಾಸ್ತಿ ಹಾಕಿದರೆ ಒಳ್ಳೆಯದಲ್ವಾ ಅಂದರೆ, ಅಲ್ಲ. ಏರ್ ಫಿಲ್ಟರ್ ಕಡೆಗೆ ಉಗುಳುತ್ತದೆ, ಹೊಗೆ ಬರುತ್ತದೆ.

ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ, ತೆಂಗಿನ ಬುಡಕ್ಕೂ ಬೇಡ. ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಅದನ್ನು ಒಟ್ಟುಮಾಡಿ ಕೊಳ್ಳುವವರಿದ್ದಾರೆ. ನಾನು 2,500ರಿಂದ 3,000 ಕಿಲೋಮೀಟರಿಗೆ ಒಮ್ಮೆ ಬದಲಿಸುತ್ತೇನೆ. ಪುಸ್ತಕದಲ್ಲಿ ಇದಕ್ಕಿಂತ ಜಾಸ್ತಿ ಬರೆದಿದ್ದರೂ ನಮ್ಮ ಧೂಳು, ಟ್ರಾಫಿಕ್, ಒಂದೊಂದು ಕಿಲೋಮೀಟರಿಗೆ ನಿಲ್ಲಿಸಿ ಹೊರಡುವ ಓಡಾಟಕ್ಕೆ ಇದು ಸರಿ. ನಡುವೆ ಎರಡು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಹಳೇ ಎಂಜಿನ್ ಸ್ವಲ್ಪ ಕುಡಿಯುತ್ತದೆ.

ಏಳನೆಯದು: ಚೈನು

ಸ್ಪ್ಲೆಂಡರಿನ ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇದೆ. ನಮ್ಮ ಧೂಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಕಣ್ಣಿಗೆ ಕಾಣದ್ದು ನೆನಪಿಗೂ ಬರುವುದಿಲ್ಲ. ಕವರಿನ ಕೆಳಭಾಗದಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ. ತೆಗೆದು, ಬೆರಳು ಹಾಕಿ ಚೈನನ್ನು ಮೇಲೆ ಕೆಳಗೆ ಅಲುಗಿಸಿ. ಎರಡರಿಂದ ಮೂರು ಸೆಂಟಿಮೀಟರ್ ಆಟ ಇರಬೇಕು. ಚಕ್ರ ಸ್ವಲ್ಪ ತಿರುಗಿಸಿ ನಾಲ್ಕು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ಚೈನು ಸವೆದಿದೆ. ಹೊಸದು ಹಾಕುವಾಗ ಚೈನು ಮತ್ತು ಎರಡೂ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಒಟ್ಟಿಗೇ ಹಾಕಿ. ಹಳೇ ಹಲ್ಲು ಹೊಸ ಚೈನನ್ನು ತಿಂದುಹಾಕುತ್ತದೆ.

ಬಿಗಿ ಮಾಡಲು ಹಿಂದಿನ ಆಕ್ಸಲ್ ನಟ್, ಅದರ ಜೊತೆ ಸ್ಲೀವ್ ನಟ್ ಇದ್ದರೆ ಅದನ್ನೂ ಸಡಿಲಿಸಿ. ಎರಡೂ ಬದಿಯ ಅಡ್ಜಸ್ಟರ್ ನಟ್‌ಗಳನ್ನು ಸಮವಾಗಿ ತಿರುಗಿಸಿ. ಅಲ್ಲಿ ಗೆರೆಗಳಿವೆ, ಎಡಕ್ಕೆ ಎಷ್ಟನೇ ಗೆರೆಯೋ ಬಲಕ್ಕೂ ಅಷ್ಟನೆಯದೇ. ಇಲ್ಲದಿದ್ದರೆ ಹಿಂದಿನ ಚಕ್ರ ಸೊಟ್ಟಗೆ ಕೂರುತ್ತದೆ. ಆಕ್ಸಲ್ ನಟ್ ಮತ್ತೆ ಚೆನ್ನಾಗಿ ಬಿಗಿಯಿರಿ. ಕೊನೆಗೆ ಹಿಂದಿನ ಬ್ರೇಕ್ ನೋಡಿ. ಚಕ್ರ ಹಿಂದೆ ಸರಿದದ್ದರಿಂದ ಬ್ರೇಕ್ ಬಿಗಿಯಾಗಿರುತ್ತದೆ, ಸ್ವಲ್ಪ ಬಿಡಬೇಕು. ಇದನ್ನು ಮರೆತು ಬ್ರೇಕ್ ಹಿಡಿದುಕೊಂಡೇ ಓಡಾಡಿ ‘ಮೈಲೇಜ್ ಬಿತ್ತು’ ಅನ್ನುವವರು ಬೇಕಾದಷ್ಟು ಜನ.

ಎಣ್ಣೆಗೆ 90 ನಂಬರ್ ಗೇರ್ ಆಯಿಲ್. ಚಕ್ರ ತಿರುಗಿಸುತ್ತಾ ಹನಿಹನಿ ಬಿಡಿ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ ಚಕ್ರ ತಿರುಗುವಾಗ ಬಟ್ಟೆ ಹಿಡಿಯುವ ಸಾಹಸ ಮಾತ್ರ ಬೇಡವೇ ಬೇಡ. ಬೆರಳು ಹೋದವರನ್ನು ನೋಡಿದ್ದೇನೆ. ಚೈನ್ ಲಾಕ್ ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಹೋಗುವ ದಿಕ್ಕಿಗೆ ಇರಬೇಕು.

ಎಂಟನೆಯದು: ಬ್ರೇಕು, ಗಾಳಿ, ಪ್ಲಗ್

ಹಿಂದಿನ ಡ್ರಮ್ಮಿನ ಮೇಲೆ, ಬ್ರೇಕ್ ಆರ್ಮ್ ಹತ್ತಿರ ಒಂದು ಬಾಣದ ಗುರುತಿದೆ. ಪೆಡಲ್ ಪೂರ್ತಿ ಒತ್ತಿದಾಗ ಆ ಬಾಣ ಡ್ರಮ್ಮಿನ ಗುರುತಿಗೆ ಬಂದು ಮುಟ್ಟಿದರೆ ಬ್ರೇಕ್ ಶೂ ಮುಗಿದಿದೆ. ಮುಂದಿನ ಬ್ರೇಕನ್ನೂ ಬಳಸಿ. ‘ಮುಂದಿನದು ಹಿಡಿದರೆ ಬೀಳ್ತೀಯ’ ಅಂತ ಹೇಳಿ ಕಲಿಸಿದ ತಲೆಮಾರು ನಮ್ಮದು. ಆದರೆ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಎರಡನ್ನೂ ಒಟ್ಟಿಗೆ ಹಿಡಿಯಿರಿ, ಮರಳು ಬಿದ್ದ ತಿರುವಿನಲ್ಲಿ ಮಾತ್ರ ಮುಂದಿನದನ್ನು ಮೆಲ್ಲಗೆ.

ಟೈರಿನ ಗಾಳಿ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರೇ ಆದರೆ 28. ಹಿಂದೆ ಜನ ಅಥವಾ ಮೂಟೆ ಇದ್ದರೆ ಜಾಸ್ತಿ, ಎಷ್ಟು ಅಂತ ಪುಸ್ತಕದಲ್ಲೂ ಚೈನ್ ಕವರಿನ ಹತ್ತಿರದ ಸ್ಟಿಕ್ಕರಿನಲ್ಲೂ ಇರುತ್ತದೆ. ವಾರಕ್ಕೊಮ್ಮೆ ಹಾಕಿಸಿ.

ಪ್ಲಗ್ಗನ್ನು ಎಂಜಿನ್ ತಣ್ಣಗಿದ್ದಾಗಲೇ ಬಿಚ್ಚಿ. ತುದಿ ಇಟ್ಟಿಗೆ ಅಥವಾ ಚಹಾದ ಬಣ್ಣದಲ್ಲಿದ್ದರೆ ಎಲ್ಲ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಒದ್ದೆ ಎಣ್ಣೆ ಇದ್ದರೆ ಮೇಲೆ ಹೇಳಿದ ನೀಲಿ ಹೊಗೆಯ ಕಥೆ. ಬೇಸಿಗೆಯಲ್ಲಿ ಏರ್ ಫಿಲ್ಟರನ್ನು ಎರಡು ಪಟ್ಟು ಬೇಗ ನೋಡಿ. ರಾಯಚೂರು, ಕಲಬುರಗಿ ಕಡೆಯ ಧೂಳಿಗೆ ಯಾವ ಪುಸ್ತಕದ ಲೆಕ್ಕವೂ ಹಿಡಿಯುವುದಿಲ್ಲ.

ಒಂಬತ್ತನೆಯದು: ಮಳೆಗಾಲ ಮತ್ತು ಪೆಟ್ರೋಲ್

ಮಲೆನಾಡು, ಕರಾವಳಿಯವರಿಗೆ ಇದು ಗೊತ್ತಿರುವ ಪಾಡು: ರಾತ್ರಿಯಿಡೀ ಮಳೆ, ಬೆಳಿಗ್ಗೆ ಗಾಡಿ ಶುರುವಾಗಲ್ಲ. ಮೊದಲು ಪ್ಲಗ್ ಕ್ಯಾಪ್ ಎಳೆದು ಒಳಗೂ ಹೊರಗೂ ಒಣ ಬಟ್ಟೆಯಿಂದ ಒರೆಸಿ. ಅರ್ಧಕ್ಕರ್ಧ ಸಲ ಅಷ್ಟಕ್ಕೇ ಶುರುವಾಗುತ್ತದೆ. ಆಗದಿದ್ದರೆ ಕಾರ್ಬೊರೇಟರ್ ಬಟ್ಟಲಿನ ಕೆಳಗಿನ ಸಣ್ಣ ಸ್ಕ್ರೂ ಸಡಿಲಿಸಿ, ಒಂದಿಷ್ಟು ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ಇಳಿಸಿ. ತಳದಲ್ಲಿ ಗುಳ್ಳೆಯಂತೆ ಬೇರೆಯಾಗಿ ನಿಂತರೆ ಅದು ನೀರು. ಪೂರ್ತಿ ಇಳಿಸಿ, ಸ್ಕ್ರೂ ಬಿಗಿದು, ಕಿಕ್ ಹೊಡೆಯಿರಿ. ಹತ್ತಿರ ಯಾರೂ ಬೀಡಿ ಸೇದುತ್ತಿಲ್ಲ ಅಂತ ನೋಡಿಕೊಳ್ಳಿ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರುತ್ತದೆ, ಹಳೇ ರಬ್ಬರನ್ನು ಬೇಗ ಹಾಳುಮಾಡುತ್ತದೆ. ಕಾರ್ಬೊರೇಟರ್ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲನ್ನು ಖಾಲಿ ಮಾಡಿಬಿಡಿ. ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದೆಯಾ ಅಂತ ವರ್ಷಕ್ಕೊಮ್ಮೆ ಬಗ್ಗಿಸಿ ನೋಡಿ. ಇಂಜೆಕ್ಷನ್ ಗಾಡಿ ಇದ್ದವರು ಟ್ಯಾಂಕ್ ಪೂರ್ತಿ ಒಣಗುವವರೆಗೆ ಓಡಿಸಬೇಡಿ. ಒಳಗಿನ ಪಂಪ್ ತಣ್ಣಗಿರುವುದೇ ಪೆಟ್ರೋಲಿನಿಂದ.

ಮೈಲೇಜ್ ಲೆಕ್ಕ

ಮೈಲೇಜ್ ಬಗ್ಗೆ ಹೇಳುವ ಸುಳ್ಳು ಮೀನು ಹಿಡಿದವರು ಹೇಳುವ ಸುಳ್ಳಿಗೆ ಸಮ. ನಿಜ ತಿಳಿಯಲು ಒಂದೇ ದಾರಿ. ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಮೀಟರಿನ ಫೋಟೋ ತೆಗೆಯಿರಿ. ಇನ್ನೂರೈವತ್ತು ಕಿಲೋಮೀಟರ್ ಓಡಾಡಿ. ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. 265 ಕಿಲೋಮೀಟರಿಗೆ 4.2 ಲೀಟರ್ ಹಿಡಿದರೆ ಮೈಲೇಜ್ 63. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಬಿದ್ದಿದೆ ಅನ್ನಿಸಿದರೆ ಕಾರ್ಬೊರೇಟರ್ ಸ್ಕ್ರೂಗೆ ಕೈ ಹಾಕುವ ಮುಂಚೆ ಗಾಳಿ, ಚೈನು, ಬ್ರೇಕ್ ಹಿಡಿತ, ಏರ್ ಫಿಲ್ಟರ್, ಪ್ಲಗ್ ಇದೇ ಕ್ರಮದಲ್ಲಿ ನೋಡಿ. ಸ್ಕ್ರೂ ಕೊನೆಗೆ. ಗಂಟೆಗೆ 40ರಿಂದ 50ರ ವೇಗದಲ್ಲಿ ಟಾಪ್ ಗೇರಿನಲ್ಲಿ ಹೋಗುವವನಿಗೆ ಸಿಗುವ ಮೈಲೇಜ್ 70ರಲ್ಲಿ ಹಾರುವವನಿಗೆ ಯಾವ ಟ್ಯೂನಿಂಗ್ ಮಾಡಿಸಿದರೂ ಸಿಗುವುದಿಲ್ಲ.

ಮಾರುವಾಗ

ಒಂದು ದಿನ ನೀವೂ ಮಾರುತ್ತೀರಿ. ನಾನು ನನ್ನ ಮೊದಲ ಗಾಡಿಯನ್ನು ಪರಿಚಯದವರೊಬ್ಬರಿಗೆ ಕೊಟ್ಟೆ. ‘ಹೆಸರು ಬದಲಾವಣೆ ನಾನೇ ಮಾಡಿಸ್ಕೋತೀನಿ ಬಿಡಿ’ ಅಂದರು. ನಂಬಿದೆ. ಅವರು ಇನ್ನೊಬ್ಬರಿಗೆ ಕೊಟ್ಟರು, ಆ ಇನ್ನೊಬ್ಬರು ಮತ್ತೊಬ್ಬರಿಗೆ. ಎರಡು ವರ್ಷ ಯಾವುದೋ ಸಿಗ್ನಲ್‌ನಲ್ಲಿ ಯಾರೋ ತ್ರಿಬಲ್ ರೈಡಿಂಗ್ ಹೋದದ್ದಕ್ಕೆಲ್ಲ ನೋಟಿಸ್ ನನ್ನ ಮನೆಗೆ ಬರುತ್ತಿತ್ತು. ಗಾಡಿ ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ. ಅಪಘಾತ ಆಗಿದ್ದರೆ ಕೋರ್ಟಿಗೂ ನಾನೇ ಹೋಗಬೇಕಿತ್ತು.

ಈಗ ನಾನು ಹೀಗೆ ಮಾಡುತ್ತೇನೆ. ಕೊಳ್ಳುವವರ ಆಧಾರ್ ಪ್ರತಿ, ಸಹಿ ಮಾಡಿದ ಫಾರಂಗಳ ಫೋಟೋ, ಗಾಡಿ ಒಪ್ಪಿಸಿದ ದಿನ ಮತ್ತು ಗಂಟೆ ಬರೆದ ಚೀಟಿ ಇಟ್ಟುಕೊಳ್ಳುತ್ತೇನೆ. ಅವರನ್ನು ಎದುರಿಗೆ ಕೂರಿಸಿಕೊಂಡೇ ಆನ್‌ಲೈನ್ ಅರ್ಜಿ ಹಾಕಿಸುತ್ತೇನೆ. ಶುಲ್ಕದ ರಸೀದಿ ಮೊಬೈಲಿಗೆ ಬರಬೇಕು. ಅದು ಬಂದ ಮೇಲೆ ಸೈಡ್ ಕವರಿನ ಒಳಗೆ ಅಂಟಿಸಿದ ಚೀಟಿ ತೋರಿಸುತ್ತೇನೆ, ಆಯಿಲ್ ಯಾವಾಗ ಬದಲಿಸಿದ್ದು, ಚೈನು ಯಾವಾಗ ಹಾಕಿದ್ದು ಅಂತ. ಕೀ ಕೊಡುವುದು ಆಮೇಲೆ.